ವೆಬ್‌ಸೈಟಿನ ಚೊಕ್ಕ ವಿಳಾಸವೂ ಕಪಾಟಿನೊಳಗಿನ ಕೊಟೇಶನ್ನೂ



ಕಳೆದ ಮಹಾಸಭೆಯ ದಿನ ಊಟದ ಪಂಕ್ತಿಯಲ್ಲಿ ಕುಳಿತಿದ್ದಾಗ ನಾಲ್ಕೈದು ಮಂದಿ ಮಾಲೀಕರ ನಡುವೆ ವೆಬ್‌ಸೈಟಿನ ಮಾತು ಬಂತು. ಆರ್ಡರ್ ತರುವ ಆ್ಯಪ್‌ಗಳು ಇರುವಾಗ ಸ್ವಂತ ವೆಬ್‌ಸೈಟು ಯಾಕೆ ಎಂದರು ಒಬ್ಬರು. ಇನ್ನೊಬ್ಬರು, "ನಮ್ಮದೂ ಒಂದಿದೆ, ಯಾರೋ ಹುಡುಗ ಮಾಡಿಕೊಟ್ಟಿದ್ದಾನೆ, ಒಳಗೆ ಏನಿದೆಯೋ ದೇವರೇ ಬಲ್ಲ" ಎಂದು ನಕ್ಕರು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ಒಳಗೆ ಏನಿದೆ ಎಂದು ನೋಡದೆ ಇದ್ದುದರಿಂದ 2022ರ ಮದುವೆ ಸೀಸನ್ನಿನಲ್ಲಿ ನಮಗೆ ಆದ ಮುಜುಗರ ನಮಗೇ ಗೊತ್ತು. ಅದನ್ನು ಸಂಪಾದಕರ ಹತ್ತಿರ ಹೇಳಿದಾಗ, "ಇದನ್ನು ಬರೆದುಕೊಡಿ, ನಾಲ್ಕು ಮಂದಿಗೆ ಉಪಕಾರವಾದೀತು" ಎಂದರು. ಹಾಗಾಗಿ ಈ ಲೇಖನ.

ಮೊದಲೇ ಹೇಳಿಬಿಡುತ್ತೇವೆ, ನಾವು ಕಂಪ್ಯೂಟರ್ ಕಲಿತವರಲ್ಲ. 1986ರಲ್ಲಿ ಉಡುಪಿ ಕಡೆಯಿಂದ ಮುಂಬಯಿಗೆ ಬಂದು, ಹಗಲು ಲೋಟ ತೊಳೆದು, ಕನ್ನಡ ರಾತ್ರಿ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿದವರು. ಇಲ್ಲಿ ಬರೆದದ್ದೆಲ್ಲ ನಮ್ಮ ಅಕ್ಕನ ಮಗ ಪುಣೆಯಿಂದ ಬಂದು, ಗಲ್ಲಾದ ಪಕ್ಕ ಸ್ಟೂಲು ಹಾಕಿಕೊಂಡು ನಾಲ್ಕು ಭಾನುವಾರ ಹೇಳಿಕೊಟ್ಟದ್ದು. ಅವನು ಹೇಳಿದ್ದನ್ನು ನಾವು ಕೈಯಾರೆ ಮಾಡಿ ನೋಡಿದ್ದೇವೆ. ಹೋಟೆಲು ನಡೆಸುವವನಿಗೆ ಅರ್ಥವಾಗದಂಥದ್ದು ಇದರಲ್ಲಿ ಏನೂ ಇಲ್ಲ.

ಮೂರು ಸಲ ಬದಲಾದ ವಿಳಾಸ

ನಮ್ಮ ಮೊದಲ ವೆಬ್‌ಸೈಟು ಆದದ್ದು 2009ರಲ್ಲಿ. ಐದೇ ಪುಟ, ಒಂದೊಂದು ಪುಟವೂ ಒಂದೊಂದು ಫೈಲು. ಹೋಟೆಲಿನ ಹೆಸರು ಡಾಟ್ ಕಾಮ್, ಆಮೇಲೆ ಸ್ಲ್ಯಾಶ್ ಎನ್ನುವ ಓರೆಗೆರೆ, ಆಮೇಲೆ 'ಕೇಟರಿಂಗ್ ಡಾಟ್ ಎಚ್‌ಟಿಎಂಎಲ್'. ಆ ಹೆಸರಿನ ಫೈಲು ಸರ್ವರ್‌ನಲ್ಲಿ ನಿಜವಾಗಿಯೂ ಇತ್ತು, ಕೇಳಿದವರಿಗೆ ಸರ್ವರ್ ಅದನ್ನೇ ಎತ್ತಿ ಕೊಡುತ್ತಿತ್ತು. (ಸರ್ವರ್ ಎಂದರೆ ನಾವು ವರ್ಷಕ್ಕಿಷ್ಟು ಎಂದು ಬಾಡಿಗೆ ಕಟ್ಟುವ, ಎಲ್ಲೋ ದೂರದಲ್ಲಿರುವ ಕಂಪ್ಯೂಟರ್.) ಆ ವಿಳಾಸವನ್ನೇ ಎರಡು ಸಾವಿರ ವಿಸಿಟಿಂಗ್ ಕಾರ್ಡಿನ ಹಿಂದೆ ಅಚ್ಚು ಹಾಕಿಸಿ ಹಂಚಿದೆವು.

2014ರಲ್ಲಿ ಇನ್ನೊಬ್ಬರು ಬಂದು, ದರ ಬದಲಾಯಿಸಲು ಪ್ರತಿ ಸಲ ನಮ್ಮನ್ನು ಕರೆಯಬೇಕಾಗಿಲ್ಲ, ನೀವೇ ಬದಲಿಸಬಹುದು ಎಂದು ಪ್ರೋಗ್ರಾಂ ಮೇಲೆ ನಡೆಯುವ ವೆಬ್‌ಸೈಟು ಮಾಡಿಕೊಟ್ಟರು. ಇದರಲ್ಲಿ ಪುಟಕ್ಕೊಂದು ಫೈಲು ಇಲ್ಲ. 'ಇಂಡೆಕ್ಸ್ ಡಾಟ್ ಪಿಎಚ್‌ಪಿ' ಎಂಬ ಒಂದೇ ಫೈಲು. ಅದು ಡೇಟಾಬೇಸಿನಿಂದ ಸಾಮಾನು ತೆಗೆದು, ಕೇಳಿದ ಪುಟವನ್ನು ಆಗಲೇ ತಯಾರು ಮಾಡಿ ಕೊಡುತ್ತದೆ. ಅನುಕೂಲವೇನೋ ಆಯಿತು, ಆದರೆ ವಿಳಾಸ ಕೇಳಿ: ಇಂಡೆಕ್ಸ್ ಡಾಟ್ ಪಿಎಚ್‌ಪಿ, ಪ್ರಶ್ನೆ ಚಿಹ್ನೆ, ಪೇಜ್, ಸಮ ಚಿಹ್ನೆ, 14, ಆಮೇಲೆ ಇನ್ನೂ ಏನೇನೋ. ಒಮ್ಮೆ ಒಬ್ಬ ಗಿರಾಕಿ ಫೋನಿನಲ್ಲಿ ಕೇಟರಿಂಗ್ ಪುಟದ ವಿಳಾಸ ಕೇಳಿದರು. ಪ್ರಶ್ನೆ ಚಿಹ್ನೆಯವರೆಗೆ ಬರೆದುಕೊಂಡರು, ಮತ್ತೆ "ಅಣ್ಣಾ, ಬಿಡಿ, ನಾನೇ ಹೋಟೆಲಿಗೆ ಬರುತ್ತೇನೆ" ಎಂದರು. ಬಂದರೋ ಇಲ್ಲವೋ ನೆನಪಿಲ್ಲ.

2017ರಲ್ಲಿ ನಮ್ಮ ಅಕ್ಕನ ಮಗ ಅದನ್ನು ಸರಿ ಮಾಡಿದ. ಈಗ ವಿಳಾಸ ಇಷ್ಟೇ: ಹೋಟೆಲಿನ ಹೆಸರು ಡಾಟ್ ಕಾಮ್, ಓರೆಗೆರೆ, ಕೇಟರಿಂಗ್. ಇದಕ್ಕೆ ಅವರ ಭಾಷೆಯಲ್ಲಿ ಕ್ಲೀನ್ ಯುಆರ್‌ಎಲ್ ಎನ್ನುತ್ತಾರೆ. ನಾವು ಚೊಕ್ಕ ವಿಳಾಸ ಎನ್ನೋಣ. ಹೇಳಲು ಸುಲಭ, ಬೋರ್ಡಿನ ಮೇಲೆ ಬರೆಸಲು ಸುಲಭ, ಗಿರಾಕಿಗೆ ನೆನಪಿರುತ್ತದೆ.

ಶೋಕೇಸಿನ ಲಾಡು, ಕಾವಲಿಯ ದೋಸೆ

ಫೈಲೇ ಇಲ್ಲದ ಹೆಸರನ್ನು ಕೇಳಿದರೆ ಸರ್ವರ್ ಪುಟ ಎಲ್ಲಿಂದ ಕೊಡುತ್ತದೆ? ಇದನ್ನು ಅವನು ನಮ್ಮ ಹೋಟೆಲನ್ನೇ ತೋರಿಸಿ ಹೇಳಿದ.

ಗಿರಾಕಿ ಕೌಂಟರಿಗೆ ಬಂದು ಲಾಡು ಬೇಕು ಎಂದರೆ ಹುಡುಗ ಅಡುಗೆಮನೆಗೆ ಕೂಗುವುದಿಲ್ಲ. ಶೋಕೇಸಿನಲ್ಲಿ ತಯಾರಿದೆ, ತೆಗೆದು ಕೊಡುತ್ತಾನೆ. ಮಸಾಲೆ ದೋಸೆ ಎಂದರೆ ಶೋಕೇಸಿನಲ್ಲಿ ಇಲ್ಲ, ಆಗ "ಒಂದು ಮಸಾಲೇ" ಎಂದು ಒಳಗೆ ಕೂಗುತ್ತಾನೆ. ಭಟ್ಟರು ಕಾವಲಿಯ ಮೇಲೆ ಹೊಯ್ದು ಕೊಡುತ್ತಾರೆ. ಗಿರಾಕಿಗೆ ಯಾವುದು ಎಲ್ಲಿಂದ ಬಂತು ಎಂಬ ವಿಚಾರ ಬೇಡ, ಎರಡಕ್ಕೂ ಹೆಸರು ಹೇಳಿದರೆ ಸಾಕು.

ಸರ್ವರ್‌ನ ಹುಡುಗನಿಗೂ ಇದನ್ನೇ ಬರೆದು ಕೊಡಬೇಕು. ಅಪಾಚೆ ಎಂಬ ಸರ್ವರ್‌ನಲ್ಲಾದರೆ ಇದನ್ನು ಬರೆಯುವುದು 'ಡಾಟ್ ಎಚ್‌ಟಿ ಆಕ್ಸೆಸ್' ಎಂಬ ಸಣ್ಣ ಫೈಲಿನಲ್ಲಿ. ಕೇಳಿದ ಹೆಸರಿನ ಫೈಲು ನಿಜವಾಗಿ ಇಲ್ಲದಿದ್ದರೆ, ಆ ಹೆಸರಿನ ಫೋಲ್ಡರೂ ಇಲ್ಲದಿದ್ದರೆ, ಆಗ ಮಾತ್ರ ಇಂಡೆಕ್ಸ್ ಡಾಟ್ ಪಿಎಚ್‌ಪಿಗೆ ಕಳಿಸು. ಎರಡು ಷರತ್ತು, ಒಂದು ಅಪ್ಪಣೆ, ಒಟ್ಟು ಮೂರು ಸಾಲು. ಈ ಕೆಲಸ ಮಾಡುವ ಭಾಗಕ್ಕೆ ಮಾಡ್ ರಿರೈಟ್ ಎಂದು ಹೆಸರು. ರಾಲ್ಫ್ ಎಂಗೆಲ್‌ಶಾಲ್ ಎಂಬವರು 1996ರಲ್ಲಿ ಇದನ್ನು ಬರೆದು 1997ರಲ್ಲಿ ಅಪಾಚೆ ತಂಡಕ್ಕೆ ಕೊಟ್ಟದ್ದು. ವರ್ಡ್‌ಪ್ರೆಸ್ ಹಾಕಿಕೊಂಡವರ ಡಾಟ್ ಎಚ್‌ಟಿ ಆಕ್ಸೆಸ್ ತೆರೆದರೆ ಅಲ್ಲಿಯೂ ಇದೇ ಎರಡು ಷರತ್ತು ಕಾಣುತ್ತದೆ. ಡ್ರೂಪಲ್ ಎಂಬ ಇನ್ನೊಂದು ಪ್ರೋಗ್ರಾಂನಲ್ಲಿ ಚೊಕ್ಕ ವಿಳಾಸ ಬೇಕೋ ಬೇಡವೋ ಎಂದು ಆರಿಸಲು ಒಂದು ಸ್ವಿಚ್ ಇತ್ತು, 2015ರಲ್ಲಿ ಬಂದ ಎಂಟನೆಯ ಆವೃತ್ತಿಯಿಂದ ಅದನ್ನು ತೆಗೆದು ಯಾವಾಗಲೂ ಇರುವಂತೆ ಮಾಡಿದರು. ಎಂಜಿನ್‌ಎಕ್ಸ್ ಎಂಬ ಸರ್ವರ್ ಇದ್ದವರಿಗೆ ಈ ಡಾಟ್ ಫೈಲು ಇಲ್ಲ, ಅಲ್ಲಿ 'ಟ್ರೈ ಫೈಲ್ಸ್' ಎಂದು ಒಂದೇ ಸಾಲಿನಲ್ಲಿ ಮುಖ್ಯ ಸೆಟ್ಟಿಂಗಿನಲ್ಲೇ ಬರೆಯುತ್ತಾರೆ. ಕ್ರಮ ಮಾತ್ರ ಅದೇ: ಮೊದಲು ಫೈಲು ನೋಡು, ಆಮೇಲೆ ಫೋಲ್ಡರು, ಎರಡೂ ಇಲ್ಲವೆಂದರೆ ಅಡುಗೆಮನೆ.

"ಆ ಷರತ್ತು ಯಾಕೆ, ಎಲ್ಲವನ್ನೂ ಅಡುಗೆಮನೆಗೇ ಕಳಿಸಿದರೆ ಆಗದಾ?" ಎಂದು ನಾವು ಕೇಳಿದೆವು.

"ಲಾಡನ್ನೂ ಭಟ್ಟರ ಹತ್ತಿರ ಕೇಳಿದ ಹಾಗೆ ಆಗುತ್ತದೆ, ಮಾವ. ಫೋಟೋ, ಬಣ್ಣದ ಫೈಲು, ಪಿಡಿಎಫ್ ಎಲ್ಲ ತಯಾರಾಗಿ ಇರುವಂಥವು. ಭಟ್ಟರು ಅವನ್ನು ಮಾಡುವವರಲ್ಲ, ಇಲ್ಲ ಎಂದುಬಿಡುತ್ತಾರೆ" ಎಂದ.

ಫೋಟೋ ವಿಷಯದಲ್ಲಿ ಒಂದು ಸಣ್ಣ ಪೆಟ್ಟು ನಮಗೆ ಅದೇ ವರ್ಷ ಬಿತ್ತು. ಕೇಟರಿಂಗ್ ಓರೆಗೆರೆ ಮದುವೆ ಎಂದು ಒಂದು ಒಳಪುಟ ಮಾಡಿದಾಗ ಅದರಲ್ಲಿದ್ದ ಚಿತ್ರಗಳೆಲ್ಲ ಮಾಯ. ಚಿತ್ರದ ದಾರಿಯನ್ನು 'ಫೋಟೋ ಫೋಲ್ಡರಿನ ಇಡ್ಲಿ' ಎಂದು ಮಾತ್ರ ಬರೆದಿದ್ದರು. ಬ್ರೌಸರು ತಾನು ಕೇಟರಿಂಗ್ ಎಂಬ ಫೋಲ್ಡರಿನ ಒಳಗೆ ಇದ್ದೇನೆ ಎಂದುಕೊಂಡು ಅಲ್ಲೇ ಹುಡುಕಿತು. ಅಂಥ ಫೋಲ್ಡರೇ ಇರಲಿಲ್ಲ. ದಾರಿಯ ಮೊದಲಿಗೆ ಒಂದು ಓರೆಗೆರೆ ಹಾಕಿ, ಮನೆಯ ಮುಖ್ಯ ಬಾಗಿಲಿನಿಂದ ಲೆಕ್ಕ ಹಿಡಿ ಎಂದು ಹೇಳಿದ ಮೇಲೆ ಬಂತು. ಇನ್ನೊಂದು: ಲಿನಕ್ಸ್ ಸರ್ವರ್‌ಗೆ ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರ ಬೇರೆ ಬೇರೆ. ನಮ್ಮ ವಿಂಡೋಸ್ ಕಂಪ್ಯೂಟರಿನಲ್ಲಿ ಸರಿಯಾಗಿ ಕಂಡ ಚಿತ್ರ ಅಲ್ಲಿ ಕಾಣದಿದ್ದರೆ ಮೊದಲು ಇದನ್ನು ನೋಡಿ. ಎಲ್ಲ ಹೆಸರನ್ನೂ ಸಣ್ಣ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ ಇಡುವುದು ಒಳ್ಳೆಯದು.

2019ರಲ್ಲಿ ಬಾಡಿಗೆ ಕಡಿಮೆ ಎಂದು ಸರ್ವರ್ ಬದಲಾಯಿಸಿದೆವು. ಹಳೆಯದರಿಂದ ಎಲ್ಲ ಫೈಲು ಹೊಸದಕ್ಕೆ ಹಾಕಿದರು. ಮುಖಪುಟ ತೆರೆಯಿತು, ಫೋಟೋ ಬಂತು, ನಾವು ದುಡ್ಡು ಕೊಟ್ಟು ಕಳಿಸಿದೆವು. ಸಂಜೆ ನೋಡಿದರೆ ಮುಖಪುಟ ಬಿಟ್ಟು ಒಂದೂ ಪುಟವಿಲ್ಲ, ಎಲ್ಲದಕ್ಕೂ 404, ಅಂದರೆ ಇಲ್ಲ ಎಂಬ ಉತ್ತರ. ಕಾರಣ, ಡಾಟ್‌ನಿಂದ ಶುರುವಾಗುವ ಹೆಸರಿನ ಫೈಲು ಸಾಮಾನ್ಯವಾಗಿ ಕಣ್ಣಿಗೆ ಕಾಣದಂತೆ ಅಡಗಿರುತ್ತದೆ. ಡಾಟ್ ಎಚ್‌ಟಿ ಆಕ್ಸೆಸ್ ಹಳೆಯ ಕಡೆಯೇ ಉಳಿದಿತ್ತು. ಸಾಮಾನೆಲ್ಲ ಹೊಸ ಹೋಟೆಲಿಗೆ ಬಂದು, ಅಡುಗೆಮನೆಗೆ ಕೂಗಬೇಕು ಎಂದು ಹುಡುಗನಿಗೆ ಹೇಳುವುದೇ ಮರೆತ ಹಾಗೆ. ಸರ್ವರ್ ಬದಲಾಯಿಸುವವರು ದಯವಿಟ್ಟು ಮುಖಪುಟ ಮಾತ್ರ ನೋಡಿ ದುಡ್ಡು ಕೊಡಬೇಡಿ.

ಹನ್ನೊಂದು ದಿನ

ಈಗ 2022ರ ವಿಷಯಕ್ಕೆ ಬರುತ್ತೇವೆ.

ನವೆಂಬರ್ ತಿಂಗಳು, ತುಳಸಿ ಲಗ್ನ ಮುಗಿದು ಮದುವೆಗಳು ಶುರುವಾಗಿದ್ದವು. ಕೇಟರಿಂಗ್ ನೋಡಿಕೊಳ್ಳುವ ನಮ್ಮ ಮ್ಯಾನೇಜರು ಗಿರಾಕಿಗಳ ಮನೆಗೆ, ಹಾಲ್‌ಗೆ ಓಡಾಡಬೇಕು. ಕೊಟೇಶನ್ನು ಫೋನಿನಲ್ಲೇ ತೆರೆಯುವ ಹಾಗಿದ್ದರೆ ಚೆನ್ನಾಗಿತ್ತು ಎಂದರು. ನಮ್ಮ ವೆಬ್‌ಸೈಟಿನಲ್ಲೇ ಜಾಗ ಬೇಕಾದಷ್ಟಿದೆ, ಅಲ್ಲಿ ಹಾಕಿ ಎಂದು ಹೇಳಿದವರು ನಾವೇ. ಆದ್ದರಿಂದ ತಪ್ಪನ್ನು ಅವರ ಮೇಲೆ ಹೊರಿಸುವುದಿಲ್ಲ. ಅವರು ಸರ್ವರ್‌ನ ಫೈಲ್ ಮ್ಯಾನೇಜರ್ ತೆರೆದು, ಹೊಸ ಫೋಲ್ಡರು ಮಾಡಿ, ಅದಕ್ಕೆ ಇಂಗ್ಲಿಷಿನಲ್ಲಿ ಕೇಟರಿಂಗ್ ಎಂದೇ ಹೆಸರಿಟ್ಟು, 23 ಕೊಟೇಶನ್ನಿನ ಪಿಡಿಎಫ್ ಹಾಕಿದರು. ಕೇಟರಿಂಗ್ ಕಾಗದಕ್ಕೆ ಬೇರೇನು ಹೆಸರಿಡುತ್ತಾರೆ?

ಆಮೇಲೆ ಕೇಟರಿಂಗ್ ವಿಚಾರಿಸುವ ಫೋನು ನಿಂತುಹೋಯಿತು. ಸೀಸನ್ನಿನಲ್ಲಿ ದಿನಕ್ಕೆ ಎರಡಾದರೂ ಬರುತ್ತಿತ್ತು. ಈ ವರ್ಷ ಮಂದ ಎಂದುಕೊಂಡೆವು, ಎಲ್ಲ ಮಾಲೀಕರೂ ಹಾಗೆಯೇ ಅಂದುಕೊಳ್ಳುತ್ತೇವಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ, ಹನ್ನೆರಡು ವರ್ಷದಿಂದ ನಮ್ಮಲ್ಲೇ ಆರ್ಡರ್ ಕೊಡುವ ಒಬ್ಬ ಗುಜರಾತಿ ವ್ಯಾಪಾರಿ ಫೋನ್ ಮಾಡಿದರು. ಅವರ ಹಿರಿಯ ಮಗಳ ನಿಶ್ಚಿತಾರ್ಥಕ್ಕೆ 300 ಪ್ಲೇಟಿನ ಆರ್ಡರ್ ನಮ್ಮದೇ. ಕೋಪವಿಲ್ಲ, ನಿಧಾನವಾಗಿ ಹೇಳಿದರು: "ಅಣ್ಣಾ, ನಿಮ್ಮ ಕೇಟರಿಂಗ್ ಪುಟ ತೆರೆದೆ. ಅಲ್ಲಿ ನನ್ನ ಹೆಸರಿನ ಕಾಗದ ಇದೆ. ಬೇರೆಯವರದ್ದೂ ಇದೆ. ನನಗೆ ಪ್ಲೇಟಿಗೆ 380 ಹೇಳಿದ್ದೀರಿ, ಇನ್ನೊಬ್ಬರಿಗೆ 340 ಹಾಕಿದ್ದೀರಿ."

340ಕ್ಕೆ ಕಾರಣವಿತ್ತು. ಅವರದ್ದು 600 ಪ್ಲೇಟು, ವಾರದ ನಡುವಿನ ದಿನ, ಒಂದೇ ಸಿಹಿ. ಆದರೆ ಗಿರಾಕಿಗೆ ಕಾರಣ ಕಾಣುವುದಿಲ್ಲ, ಅಂಕಿ ಕಾಣುತ್ತದೆ. ದರ ಒಂದೇ ಅಲ್ಲ, ಒಂದೊಂದು ಕಾಗದದಲ್ಲೂ ಗಿರಾಕಿಯ ಹೆಸರು, ಮನೆ ವಿಳಾಸ, ಮೊಬೈಲ್ ನಂಬರು, ಸಮಾರಂಭದ ದಿನ. ಮನೆಮಂದಿಯೆಲ್ಲ ಹಾಲ್‌ನಲ್ಲಿರುವ ದಿನ ಯಾವುದು ಎಂದು ಊರಿಗೆಲ್ಲ ಬರೆದು ತೋರಿಸಿದ ಹಾಗೆ. ಫೋನ್ ಇಟ್ಟು ಕಂಪ್ಯೂಟರ್ ನೋಡಿದರೆ, ನಮ್ಮ ಹೋಟೆಲಿನ ಬಣ್ಣ, ಫೋಟೋ ಏನೂ ಇಲ್ಲ. ಬಿಳಿ ಹಾಳೆ, ಮೇಲೆ ಇಂಗ್ಲಿಷಿನಲ್ಲಿ 'ಇಂಡೆಕ್ಸ್ ಆಫ್ ಕೇಟರಿಂಗ್' ಎಂದು, ಕೆಳಗೆ 23 ಫೈಲಿನ ಪಟ್ಟಿ.

ಪುಣೆಗೆ ಫೋನ್ ಮಾಡಿದೆವು.

"ಮಾವ, ವಿಳಾಸದ ಕೊನೆಯಲ್ಲಿ ಏನಿದೆ ನೋಡಿ."

"ಕೇಟರಿಂಗ್, ಆಮೇಲೆ ಒಂದು ಓರೆಗೆರೆ."

"ಆ ಗೆರೆ ನೀವು ಒತ್ತಿದ್ದಾ?"

"ನಾವ್ಯಾಕೆ ಒತ್ತುವುದು ಮಾರಾಯ, ಅದಾಗಿಯೇ ಬಂದದ್ದು."

"ಹಾಗಾದರೆ ಯಾರೋ ಆ ಹೆಸರಿನ ಫೋಲ್ಡರು ಮಾಡಿದ್ದಾರೆ."

ಆದದ್ದು ಇಷ್ಟೇ. ಹುಡುಗನಿಗೆ ಕೊಟ್ಟ ಅಪ್ಪಣೆಯಲ್ಲಿ, ಆ ಹೆಸರಿನ ಫೋಲ್ಡರು ಇಲ್ಲದಿದ್ದರೆ ಮಾತ್ರ ಅಡುಗೆಮನೆಗೆ ಕೂಗು ಎಂದಿದೆ. ಇಷ್ಟು ವರ್ಷ ಇರಲಿಲ್ಲ, ಕೂಗುತ್ತಿದ್ದ. ಈಗ ಕೇಟರಿಂಗ್ ಎಂಬ ಚೀಟಿ ಹಚ್ಚಿದ ಕಪಾಟು ಬಂದು ಕೂತಿದೆ. ಕೇಳಿದವರನ್ನೆಲ್ಲ ಹುಡುಗ ಕಪಾಟಿನ ಹತ್ತಿರ ಕರೆದುಕೊಂಡು ಹೋಗಿ ಬಾಗಿಲು ತೆರೆದು ತೋರಿಸುತ್ತಿದ್ದಾನೆ. ಅವನು ಹೇಳಿದ್ದನ್ನೇ ಮಾಡಿದ್ದಾನೆ. ಫೋಲ್ಡರನ್ನು ಕೇಳಿದರೆ ಅಪಾಚೆ ವಿಳಾಸದ ಕೊನೆಗೆ ತಾನೇ ಒಂದು ಓರೆಗೆರೆ ಸೇರಿಸುತ್ತದೆ, ಅದೇ ಗುರುತು. (ವರ್ಡ್‌ಪ್ರೆಸ್‌ನಂಥವು ಎಲ್ಲ ಪುಟಕ್ಕೂ ತಾವೇ ಗೆರೆ ಹಾಕುವುದುಂಟು, ಅದು ಬೇರೆ. ಉಳಿದ ಪುಟಗಳಿಗೆ ಇಲ್ಲದ ಗೆರೆ ಒಂದಕ್ಕೆ ಮಾತ್ರ ಬಂದರೆ ಅನುಮಾನಪಡಬೇಕು.) ಪಟ್ಟಿ ತೋರಿಸಬಾರದು ಎಂದು ಸರ್ವರ್‌ನಲ್ಲಿ ಮೊದಲೇ ಬರೆದಿದ್ದರೆ ಪಟ್ಟಿಯ ಬದಲು 403, ಅಂದರೆ ಪ್ರವೇಶವಿಲ್ಲ ಎಂದು ಬರುತ್ತಿತ್ತು. ಪುಟ ಹೋಗುವುದಂತೂ ಹೋಗುತ್ತಿತ್ತು, ಮಾನ ಉಳಿಯುತ್ತಿತ್ತು.

ಫೋಲ್ಡರಿನ ಹೆಸರು ಬದಲಾಯಿಸಿದ ಕ್ಷಣ ನಮ್ಮ ಕೇಟರಿಂಗ್ ಪುಟ ತಾನಾಗಿ ಮರಳಿ ಬಂತು. ಒಂದು ನಿಮಿಷದ ಕೆಲಸ. ಆದರೆ ಅಷ್ಟರಲ್ಲಿ ಗೂಗಲ್ ಆ ಪಟ್ಟಿಯನ್ನು ಓದಿಕೊಂಡು ಹೋಗಿತ್ತು, ಗಿರಾಕಿಯೊಬ್ಬರ ಹೆಸರು ಹುಡುಕಿದರೆ ಕೊಟೇಶನ್ನು ಬರುತ್ತಿತ್ತು. ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ತೆಗೆಯುವ ಅರ್ಜಿ ಹಾಕಿದೆವು. ಅದರಿಂದ ಸುಮಾರು ಆರು ತಿಂಗಳು ಮಾತ್ರ ಮರೆಯಾಗುತ್ತದೆ. ಫೈಲನ್ನೇ ತೆಗೆದರೆ ಮಾತ್ರ ಮತ್ತೆ ಬರುವುದಿಲ್ಲ. ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ ಎಂಬ ಫೈಲಿನಲ್ಲಿ 'ಈ ಫೋಲ್ಡರು ನೋಡಬೇಡಿ' ಎಂದು ಬರೆದರೆ ಸಾಕು ಎಂದು ಯಾರೋ ಹೇಳಿದರು. ಸಾಲದು. ಅದು ಬೀಗವಲ್ಲ, ವಿನಂತಿ. ಆ ಫೈಲನ್ನು ಯಾರು ಬೇಕಾದರೂ ತೆರೆದು ಓದಬಹುದಾದ್ದರಿಂದ, ಗುಟ್ಟಿನ ಕಪಾಟು ಎಲ್ಲಿದೆ ಎಂದು ನಾವೇ ಬರೆದು ತೋರಿಸಿದಂತೆ.

23 ಮನೆಗೂ ನಾವೇ ಫೋನ್ ಮಾಡಿ ಆದದ್ದನ್ನು ಹೇಳಿದೆವು. ಇಬ್ಬರು ಬೈದರು. ಒಬ್ಬರು ಆರ್ಡರ್ ವಾಪಸು ಪಡೆದರು. ಉಳಿದವರಲ್ಲಿ ಹೆಚ್ಚಿನವರಿಗೆ ವಿಷಯವೇ ಗೊತ್ತಿರಲಿಲ್ಲ, ನಾವು ಹೇಳಿದ್ದಕ್ಕೆ ಗೊತ್ತಾಯಿತು. ಹೇಳಬೇಕಾಗಿರಲಿಲ್ಲ ಎಂದು ಮನೆಯಲ್ಲಿ ಅಂದರು. ನಮಗೆ ಹಾಗೆ ಅನ್ನಿಸುವುದಿಲ್ಲ.

ಆ ಭಾನುವಾರ ಅಕ್ಕನ ಮಗ ಬಂದು ಸರ್ವರ್‌ನ ಒಳಗೆ ಇದ್ದದ್ದನ್ನೆಲ್ಲ ಒಂದೊಂದಾಗಿ ತೆರೆದ. 2014ರವರು ಬಿಟ್ಟುಹೋದ 'ಟೆಂಪ್' ಎಂಬ ಫೋಲ್ಡರಿನಲ್ಲಿ ನಮ್ಮ ಹುಡುಗರ ಗುರುತಿನ ಚೀಟಿಗಳ ಸ್ಕ್ಯಾನ್ ಇತ್ತು. ಪೊಲೀಸ್ ವೆರಿಫಿಕೇಶನ್ನಿಗೆಂದು ಆಗ ಯಾವಾಗಲೋ ನಾವೇ ಕೊಟ್ಟದ್ದು. ಎಂಟು ವರ್ಷ ಅಲ್ಲೇ ಬಿದ್ದಿತ್ತು, ವಿಳಾಸ ಊಹಿಸಿದ ಯಾರು ಬೇಕಾದರೂ ತೆಗೆದುಕೊಳ್ಳಬಹುದಿತ್ತು. ಅದನ್ನು ನೋಡಿ ನಮ್ಮ ಕೈಕಾಲು ತಣ್ಣಗಾಯಿತು. ಊರಿನಿಂದ ತಂದೆತಾಯಿ ನಮ್ಮನ್ನು ನಂಬಿ ಕಳಿಸಿದ ಮಕ್ಕಳು. ಚೊಕ್ಕ ವಿಳಾಸ ಬಂದ ಮೇಲೆ ಹಳೆಯ ಫೈಲುಗಳೆಲ್ಲ ಹಿಂದಕ್ಕೆ ಸರಿದವು ಎಂದು ನಾವು ತಿಳಿದಿದ್ದೆವು. ಹಾಗಲ್ಲ. ನಿಜವಾದ ಫೈಲು ಯಾವುದೇ ಇರಲಿ, ಕೇಳಿದರೆ ಪ್ರೋಗ್ರಾಮನ್ನು ಕೇಳದೆಯೇ ಸರ್ವರ್ ಕೊಟ್ಟುಬಿಡುತ್ತದೆ. ಪ್ರೋಗ್ರಾಮಿನ ಪಾಸ್‌ವರ್ಡಿಗೂ ಅದಕ್ಕೂ ಸಂಬಂಧವಿಲ್ಲ. ಈಗಂತೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಎಂದು ಸಂಸತ್ತಿನಲ್ಲಿ ಪಾಸಾಗಿದೆ. ಜನರ ವಿವರ ಇಟ್ಟುಕೊಂಡವರು ಅದನ್ನು ಕಾಪಾಡಬೇಕಾದ ಹೊಣೆ ಅದರಲ್ಲಿ ಬರೆದಿದೆ.

ಈಗ ನಾವು ಇಟ್ಟುಕೊಂಡ ವ್ಯವಸ್ಥೆ

ಸರ್ವರ್‌ನಲ್ಲಿ ಪಬ್ಲಿಕ್ ಎಂಬ ಹೆಸರಿನಿಂದ ಶುರುವಾಗುವ ಒಂದು ಫೋಲ್ಡರು ಸಾಮಾನ್ಯವಾಗಿ ಇರುತ್ತದೆ. ಅದರ ಒಳಗಿದ್ದದ್ದು ಶೋಕೇಸು, ಲೋಕಕ್ಕೆಲ್ಲ ಕಾಣುವಂಥದ್ದು. ಅದರ ಹೊರಗೆ ಇಟ್ಟದ್ದನ್ನು ಬ್ರೌಸರಿನಿಂದ ಕೇಳಿ ಪಡೆಯಲು ಆಗುವುದಿಲ್ಲ. ನಮ್ಮ ಶೋಕೇಸಿನಲ್ಲಿ ಈಗ ಇರುವುದು ಇಂಡೆಕ್ಸ್ ಡಾಟ್ ಪಿಎಚ್‌ಪಿ, ಆ ಡಾಟ್ ಎಚ್‌ಟಿ ಆಕ್ಸೆಸ್, ಮತ್ತು 'ಫೈಲ್ಸ್' ಎಂಬ ಒಂದೇ ಫೋಲ್ಡರು. ಫೋಟೋ, ಮೆನು ಪಿಡಿಎಫ್ ಎಲ್ಲ ಅದರೊಳಗೆ. ಆ ಹೆಸರಿನ ಪುಟವನ್ನು ನಾವು ಎಂದೂ ಮಾಡುವುದಿಲ್ಲ ಎಂದು ನಿಶ್ಚಯ ಮಾಡಿಕೊಂಡಿದ್ದೇವೆ. ಪುಟದ ಹೆಸರು ಮತ್ತು ಫೋಲ್ಡರಿನ ಹೆಸರು ಡಿಕ್ಕಿ ಹೊಡೆಯುವ ಪ್ರಶ್ನೆ ಅಲ್ಲಿಗೆ ಮುಗಿಯಿತು. ಪಟ್ಟಿ ತೋರಿಸಬೇಡ ಎಂಬ ಸಾಲನ್ನೂ ಹಾಕಿದ್ದೇವೆ, ಆದರೆ ಅದರಿಂದ ಪಟ್ಟಿ ಮಾತ್ರ ಮುಚ್ಚುತ್ತದೆ. ಫೈಲಿನ ಹೆಸರು ಗೊತ್ತಿದ್ದವನಿಗೆ ಫೈಲು ಸಿಗುತ್ತದೆ. ಆದ್ದರಿಂದ ಕೊಟೇಶನ್ನು, ಗುರುತಿನ ಚೀಟಿ, ಸಂಬಳದ ಲೆಕ್ಕ ಸರ್ವರ್‌ನ ಹತ್ತಿರವೂ ಇಲ್ಲ.

ಮೆನುವಿನ ವಿಷಯ ಸ್ವಲ್ಪ ಬೇರೆ. 2020ರ ಅಕ್ಟೋಬರ್‌ನಲ್ಲಿ ಮುಂಬಯಿಯಲ್ಲಿ ಅರ್ಧ ಟೇಬಲಿನೊಂದಿಗೆ ಹೋಟೆಲು ತೆರೆಯಲು ಬಿಟ್ಟಾಗ, ಮೆನು ಕಾರ್ಡನ್ನು ಮುಟ್ಟುವವರೇ ಇರಲಿಲ್ಲ. ಎಲ್ಲರಂತೆ ನಾವೂ ಟೇಬಲ್ ಟೇಬಲಿಗೆ ಕ್ಯೂಆರ್ ಚಿತ್ರ ಅಂಟಿಸಿದೆವು. (ಇದು 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿಯವರು ಮೋಟಾರು ಬಿಡಿಭಾಗಗಳ ಲೆಕ್ಕಕ್ಕೆಂದು ಮಾಡಿದ್ದು, ನಮ್ಮ ಇಡ್ಲಿ ವಡೆಯವರೆಗೆ ಬಂತು.) ಸಾದಾ ಕ್ಯೂಆರ್‌ನ ಒಳಗೆ ಇರುವುದು ವಿಳಾಸವೇ. ಅಚ್ಚಾದ ಮೇಲೆ ಅದನ್ನು ಬದಲಾಯಿಸುವಂತಿಲ್ಲ. ನಾವು ಅದರಲ್ಲಿ ಹಾಕಿಸಿದ್ದು ಪಿಡಿಎಫ್ ಫೈಲಿನ ವಿಳಾಸವನ್ನು, ಅದರ ಹೆಸರಿನಲ್ಲಿ ಅಕ್ಟೋಬರ್ 2020 ಎಂದೇ ಇತ್ತು. ಮರುವರ್ಷ ದರ ಏರಿಸಿದಾಗ ಹೊಸ ಫೈಲು ಹೊಸ ಹೆಸರಿನಲ್ಲಿ ಬಂತು. ಹಳೆಯದನ್ನು ಯಾರೂ ತೆಗೆಯಲಿಲ್ಲ. ಟೇಬಲಿನಲ್ಲಿ ಇಡ್ಲಿ 35, ಬಿಲ್ಲಿನಲ್ಲಿ 40. ಒಂದು ವಾರ ಗಲ್ಲಾದಲ್ಲಿ ಅದೇ ಜಗಳ, ಕೊನೆಗೆ ಸ್ಟಿಕ್ಕರ್ ಎಲ್ಲ ಕಿತ್ತು ಹೊಸದು ಅಂಟಿಸಿದೆವು. ಈಗ ಕ್ಯೂಆರ್‌ನಲ್ಲಿ ಇರುವುದು ಓರೆಗೆರೆ ಮೆನು ಎಂಬ ಚೊಕ್ಕ ವಿಳಾಸ ಮಾತ್ರ. ಅದರ ಹಿಂದೆ ಇವತ್ತು ಯಾವ ಪಿಡಿಎಫ್ ಇದೆ ಎಂಬುದು ನಮ್ಮ ಕೈಯಲ್ಲಿ. ಇಲ್ಲಿ ಒಂದು ಸೂಕ್ಷ್ಮ: ಹೀಗೆ ಒಂದು ಹೆಸರಿನಿಂದ ಇನ್ನೊಂದಕ್ಕೆ ಕಳಿಸುವಾಗ 302 ಎಂಬ ತಾತ್ಕಾಲಿಕ ಚೀಟಿ ಕೊಡಬೇಕು. 301 ಕೊಟ್ಟರೆ ಅದು ಶಾಶ್ವತ ಎಂದು ಗಿರಾಕಿಯ ಫೋನು ನೆನಪಿಟ್ಟುಕೊಂಡು, ಮುಂದಿನ ಸಲ ನಮ್ಮನ್ನು ಕೇಳದೆ ಹಳೆಯ ಫೈಲಿಗೇ ಹೋದೀತು.

301 ಬೇಕಾಗುವುದು ಹಳೆಯ ವಿಸಿಟಿಂಗ್ ಕಾರ್ಡಿನ ವಿಳಾಸಕ್ಕೆ. ವೆಬ್ಬನ್ನು ಕಂಡುಹಿಡಿದ ಟಿಮ್ ಬರ್ನರ್ಸ್ ಲೀ 1998ರಲ್ಲೇ ಬರೆದಿದ್ದಾರಂತೆ, ಒಮ್ಮೆ ಕೊಟ್ಟ ವಿಳಾಸವನ್ನು ಬದಲಾಯಿಸಬಾರದು ಎಂದು. ನಾವು ಮೂರು ಸಲ ಬದಲಾಯಿಸಿ ಆಗಿದೆ, ಇನ್ನು ಹಳೆಯದರಿಂದ ಹೊಸದಕ್ಕೆ ದಾರಿ ತೋರಿಸುವುದೊಂದೇ ಉಳಿದದ್ದು. 2009ರ 'ಕೇಟರಿಂಗ್ ಡಾಟ್ ಎಚ್‌ಟಿಎಂಎಲ್' ಕೇಳಿದವರನ್ನು ಈಗಿನ ಕೇಟರಿಂಗ್ ಪುಟಕ್ಕೆ ಶಾಶ್ವತವಾಗಿ ಕಳಿಸು ಎಂಬ ಸಾಲನ್ನು ಆ ಮೂರು ಸಾಲಿನ ಮೇಲೆ ಬರೆಸಿದೆವು. ಹಳೆಯ ಫೈಲು ಇನ್ನೂ ಅಲ್ಲೇ ಬಿದ್ದಿತ್ತು! ಕಾರ್ಡು ಇಟ್ಟುಕೊಂಡವರು ಯಾರಾದರೂ ಒತ್ತಿದರೆ ಪ್ಲೇಟಿಗೆ 110 ರೂಪಾಯಿ ಎಂಬ ಪುಟ ತೆರೆಯುತ್ತಿತ್ತು. ಎಷ್ಟು ಮಂದಿ ನೋಡಿ, ಈಗಿನ ದರ ಕೇಳಿ, ಮೋಸ ಎಂದುಕೊಂಡು ಹೋದರೋ. ಈಗ ಫೈಲನ್ನೂ ತೆಗೆದಿದ್ದೇವೆ.

ವೆಬ್‌ಸೈಟು ಇರುವ ಬಾಂಧವರು ಇವತ್ತೇ ಒಂದು ಕೆಲಸ ಮಾಡಬಹುದು. ನಿಮ್ಮ ಹುಡುಗನನ್ನು ಕರೆದು ಆ ಪಬ್ಲಿಕ್ ಫೋಲ್ಡರನ್ನು ಅಡಗಿದ ಫೈಲುಗಳ ಸಮೇತ ನಿಮ್ಮ ಎದುರೇ ತೆರೆಸಿ. ಪ್ರತಿಯೊಂದು ಫೋಲ್ಡರಿನ ಹೆಸರನ್ನು ಬ್ರೌಸರಿನಲ್ಲಿ ಒತ್ತಿ ಏನು ಬರುತ್ತದೆ ನೋಡಿ. ಅರ್ಧ ಗಂಟೆಯ ಕೆಲಸ, ಊಟದ ಗಡಿಬಿಡಿ ಮುಗಿದ ಮೇಲೆ ಮಾಡಿದರೂ ಆಯಿತು. ಗೊತ್ತಾಗದ ಫೋಲ್ಡರು ಕಂಡರೆ ಕೂಡಲೇ ಅಳಿಸಬೇಡಿ, ವೆಬ್‌ಸೈಟೇ ಅದರ ಮೇಲೆ ನಿಂತಿರಬಹುದು. ಮೊದಲು ಎಲ್ಲದರ ನಕಲು ತೆಗೆದಿಡಿ.

ಗುಜರಾತಿ ವ್ಯಾಪಾರಿಗೆ ನಾವು 340ರಲ್ಲೇ ಮಾಡಿಕೊಟ್ಟೆವು. ಪ್ಲೇಟಿಗೆ 40ರಂತೆ 12,000 ರೂಪಾಯಿ ಹೋಯಿತು. 2024ರಲ್ಲಿ ಕಿರಿಯ ಮಗಳ ಮದುವೆಗೂ ಅವರೇ ಬಂದರು. ದರ ಮಾತಾಡುವ ಮೊದಲು, ಈ ಸಲ ಕಾಗದ ಎಲ್ಲಿ ಇಡುತ್ತೀರಿ ಎಂದು ಕೇಳಿದರು. ಗಲ್ಲಾದ ಡ್ರಾಯರಿನ ಬೀಗದ ಕೈ ತೆಗೆದು ತೋರಿಸಿದೆವು. ಮ್ಯಾನೇಜರು ಈಗ ಕೊಟೇಶನ್ನನ್ನು ತಮ್ಮ ಫೋನಿನಲ್ಲಿ ಬೇರೆಯೇ ಕಡೆ ಪಾಸ್‌ವರ್ಡ್ ಹಾಕಿ ಇಟ್ಟುಕೊಳ್ಳುತ್ತಾರೆ. ಸರ್ವರ್‌ನಲ್ಲಿ ಹೊಸ ಫೋಲ್ಡರು ಮಾಡಬೇಕೆಂದರೆ ಮೊದಲು ಗ್ಯಾಸ್ ಏಜೆನ್ಸಿಯ ನಂಬರು ಬರೆದಿಟ್ಟ ಪುಸ್ತಕದಲ್ಲಿ ಅದರ ಹೆಸರು, ತಾರೀಕು ಬರೆದು ನಮಗೆ ತೋರಿಸಬೇಕು. 2022ರ ಡಿಸೆಂಬರ್‌ನಿಂದ ಇವತ್ತಿನವರೆಗೆ ಆ ಪುಟದಲ್ಲಿ ನಾಲ್ಕೇ ಹೆಸರು ಬಂದಿದೆ.